ಬಾಗಿಲ ಲೆಕ್ಕ

(ನಮ್ಮ ಸಂಘದ ಉಚಿತ ವಾಚನಾಲಯದ ತಿಂಗಳ ಸಭೆಯಲ್ಲಿ ಮಾಡಿದ ಭಾಷಣ)



ಪಂಡಿತರು ನಿಂತು ಮಾತನಾಡಿದ ಈ ಜಾಗದಲ್ಲಿ ನಾನು ನಿಲ್ಲುವುದು ಧಾರ್ಷ್ಟ್ಯವೇ ಸರಿ. ನಾನು ಮೆಟ್ರಿಕ್‌ವರೆಗೆ ಓದಿದವನು. ಉತ್ತರ ಚೆನ್ನೈನ ಒಂದು ಹಿಟ್ಟಿನ ಗಿರಣಿಯಲ್ಲಿ ಹನ್ನೆರಡು ವರ್ಷಗಳಿಂದ ಗುಮಾಸ್ತನಾಗಿದ್ದೇನೆ. ಭಾನುವಾರ ಇಲ್ಲಿಗೆ ಬಂದು ಪತ್ರಿಕೆಗಳನ್ನು ಜೋಡಿಸುವುದು, ಹರಿದ ಪುಸ್ತಕಕ್ಕೆ ಅಂಟು ಹಚ್ಚುವುದು, ಸಂಜೆ ದೀಪ ಆರಿಸಿ ಬೀಗ ಹಾಕುವುದು, ಇಷ್ಟೇ ನನ್ನ ಸಾಹಿತ್ಯ ಸೇವೆ. ಆದರೆ ಕಳೆದ ತಿಂಗಳ ಸಮಿತಿಯಲ್ಲಿ ಒಂದು ಸೂಚನೆ ಬಂತು. ಕೆಲವು ಹಳೆಯ ಪುಸ್ತಕಗಳು ಕಾಣೆಯಾಗಿವೆ. ಆದುದರಿಂದ ವಾಚನಾಲಯದ ಬಾಗಿಲಿಗೆ ಕಾರ್ಡಿನಿಂದ ತೆರೆಯುವ ಬೀಗ ಹಾಕಿಸೋಣ, ಯಾರು ಬಂದರು ಯಾರು ಹೋದರು ಎಂಬುದಕ್ಕೆ ಲೆಕ್ಕವಿರಲಿ ಎಂದು. ಕಾರ್ಯದರ್ಶಿಗಳು ನನ್ನ ಕಡೆಗೆ ತಿರುಗಿ, "ನಿಮ್ಮ ಗಿರಣಿಯಲ್ಲಿ ಅಂಥದು ಇದೆಯಲ್ಲ, ಅದರ ವಿಚಾರ ನಾಲ್ಕು ಮಾತು ಹೇಳಿರಿ" ಎಂದರು. ಆ ನಾಲ್ಕು ಮಾತುಗಳೇ ಇವು. ಇದರಲ್ಲಿ ನಾನು ಮಾಡಿದ ಒಂದು ತಪ್ಪಿನ ಕಥೆಯೂ ಸೇರಿದೆ. ಅದನ್ನು ಮುಚ್ಚಿಟ್ಟು ಉಳಿದುದನ್ನು ಹೇಳುವುದು ನ್ಯಾಯವಲ್ಲ.

ಬಾಗಿಲು ಎಂದರೆ ನಮಗೆ ಒಳಗೆ ಬರುವ ದಾರಿ. ಸ್ವಲ್ಪ ಯೋಚಿಸಿದರೆ ಅದಕ್ಕೆ ಮೂರು ಕೆಲಸಗಳಿರುವುದು ತಿಳಿಯುತ್ತದೆ. ಬರಬಾರದವರನ್ನು ತಡೆಯುವುದು ಒಂದು. ಒಳಗೆ ಎಷ್ಟು ಜನರಿದ್ದಾರೆ, ಯಾರು ಯಾರು ಇದ್ದಾರೆ ಎಂಬುದನ್ನು ಹೇಳುವುದು ಇನ್ನೊಂದು. ಅಪಾಯ ಬಂದಾಗ ಒಳಗಿದ್ದವರನ್ನೆಲ್ಲ ಹೊರಗೆ ಬಿಡುವುದು ಮೂರನೆಯದು. ಮೊದಲನೆಯ ಕೆಲಸವನ್ನು ಎಲ್ಲರೂ ಬಲ್ಲರು. ಎರಡನೆಯದನ್ನು ಕೆಲವರು ಬಲ್ಲರು. ಮೂರನೆಯದನ್ನು ಬಹುಮಂದಿ ಮರೆಯುತ್ತಾರೆ. ಮರೆತಾಗ ಏನಾಗುವುದೆಂಬುದಕ್ಕೆ ಚರಿತ್ರೆಯಲ್ಲಿ ಸಾಕ್ಷಿಗಳಿವೆ.

1911ನೆಯ ಇಸವಿ ಮಾರ್ಚ್ 25ರಂದು ಅಮೆರಿಕದ ನ್ಯೂಯಾರ್ಕ್ ನಗರದ ಟ್ರಯಾಂಗಲ್ ಎಂಬ ಉಡುಪಿನ ಕಾರ್ಖಾನೆಯಲ್ಲಿ ಬೆಂಕಿ ಬಿತ್ತು. ಕೆಲಸಗಾರರು ಬಟ್ಟೆ ಕದಿಯದಿರಲಿ, ಹೊರಗೆ ಹೋಗುವಾಗ ಒಂದೇ ಬಾಗಿಲಲ್ಲಿ ಚೀಲ ತೋರಿಸಿ ಹೋಗಲಿ ಎಂದು ಒಂಬತ್ತನೆಯ ಅಂತಸ್ತಿನ ಒಂದು ಬಾಗಿಲಿಗೆ ಬೀಗ ಹಾಕಿದ್ದರು. ಸತ್ತವರು 146 ಮಂದಿ. ಅವರಲ್ಲಿ ಬಹುಪಾಲು ಎಳೆಯ ಪ್ರಾಯದ ಹೆಣ್ಣುಮಕ್ಕಳು. ಕಳ್ಳತನ ತಡೆಯಲು ಹಾಕಿದ ಬೀಗವು ಪ್ರಾಣಕ್ಕೇ ಬೀಗವಾಯಿತು. ಅದು ದೂರದ ದೇಶದ ಹಳೆಯ ಮಾತು ಎನ್ನುವಿರಾ? ನಮ್ಮ ಬೆಂಗಳೂರಿನ ಹಳೆಯ ವಿಮಾನ ನಿಲ್ದಾಣದ ರಸ್ತೆಯ ಕಾರ್ಲ್‌ಟನ್ ಟವರ್ಸ್ ಕಟ್ಟಡದಲ್ಲಿ 2010ರ ಫೆಬ್ರವರಿ 23ರಂದು ಹೊಗೆ ತುಂಬಿ 9 ಮಂದಿ ಪ್ರಾಣ ಬಿಟ್ಟರು. ತಪ್ಪಿಸಿಕೊಳ್ಳುವ ದಾರಿಗಳು ಮುಚ್ಚಿದ್ದುವೆಂದು ಆಗ ಪತ್ರಿಕೆಗಳಲ್ಲಿ ಬಂತು. ಕಿಟಕಿಯ ಗಾಜು ಒಡೆದು ಕೆಳಗೆ ಹಾರಿದವರೂ ಇದ್ದರು. ಕೆಲಸಕ್ಕೆಂದು ಬೆಳಗ್ಗೆ ಊಟದ ಡಬ್ಬಿ ಹಿಡಿದು ಹೋದ ನಮ್ಮಂಥ ಜನರೇ ಅವರು.

ಈಗ ಒಳಗಿರುವವರ ಲೆಕ್ಕದ ಮಾತಿಗೆ ಬರೋಣ. ಇದು ಕಂಪ್ಯೂಟರ್ ಬಂದ ಮೇಲೆ ಹುಟ್ಟಿದ ವಿದ್ಯೆಯಲ್ಲ. ಗಣಿಗಳಲ್ಲಿ ಇದು ಬಹಳ ಹಿಂದಿನಿಂದ ಇದೆ. ಗಣಿಗೆ ಇಳಿಯುವವನಿಗೆ ನಂಬರು ಕೊರೆದ ಲೋಹದ ಬಿಲ್ಲೆ ಇರುತ್ತದೆ. ಇಳಿಯುವಾಗ ಬಿಲ್ಲೆ ಹಲಗೆಯ ಒಂದು ಮೊಳೆಯಿಂದ ಇನ್ನೊಂದು ಮೊಳೆಗೆ ಹೋಗುತ್ತದೆ. ಮೇಲೆ ಬಂದಾಗ ಹಿಂದಿನ ಜಾಗಕ್ಕೆ ಬರುತ್ತದೆ. ಹಲಗೆಯನ್ನು ನೋಡಿದರೆ ಸಾಕು, ಭೂಮಿಯ ಹೊಟ್ಟೆಯಲ್ಲಿ ಈಗ ಯಾರಿದ್ದಾರೆಂದು ಓದು ಬಾರದವನೂ ಎಣಿಸಿ ಹೇಳಬಲ್ಲ. 1952ರ ನಮ್ಮ ದೇಶದ ಗಣಿ ಕಾಯಿದೆಯಲ್ಲಿ ಒಂದು ಮಾತಿತ್ತು. ನೆಲದ ಕೆಳಗೆ ಕೆಲಸ ಮಾಡುವವರ ದಾಖಲೆ ಪುಸ್ತಕವು, ಯಾವ ಕ್ಷಣದಲ್ಲಿ ನೋಡಿದರೂ, ಆ ಕ್ಷಣದಲ್ಲಿ ಕೆಳಗಿರುವ ಪ್ರತಿಯೊಬ್ಬನ ಹೆಸರನ್ನೂ ತೋರಿಸತಕ್ಕದ್ದು ಎಂದು. "ಯಾವ ಕ್ಷಣದಲ್ಲಿ ನೋಡಿದರೂ" ಎಂಬ ಮಾತನ್ನು ದಯಮಾಡಿ ನೆನಪಿನಲ್ಲಿಡಿರಿ. ಸಂಜೆ ಕೂಡಿಸಿ ಬರೆದ ಲೆಕ್ಕ ಅಲ್ಲಿ ನಡೆಯದು. ನಮ್ಮ ಕೋಲಾರದ ಚಿನ್ನದ ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ಅಲ್ಲಿನ ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳ ಹೋಗಿತ್ತು. ಅಷ್ಟು ಆಳದಲ್ಲಿ ಬಂಡೆ ಸಿಡಿದಾಗ ಮೇಲೆ ನಿಂತವನು ಕೇಳುವ ಮೊದಲ ಪ್ರಶ್ನೆ ಒಂದೇ: ಒಳಗೆ ಯಾರು ಯಾರು ಇದ್ದಾರೆ?

ನಮ್ಮ ಈ ಊರಿಗೂ ಬಾಗಿಲ ಚರಿತ್ರೆ ಇದೆ. ಪೆರಂಬೂರಿನ ಕಡೆಯ ಬಕಿಂಗ್‌ಹ್ಯಾಮ್ ಮತ್ತು ಕರ್ನಾಟಿಕ್ ಮಿಲ್ಲುಗಳ ಹೆಸರು ಹಿರಿಯರಿಗೆ ಗೊತ್ತು. ಬಿನ್ನಿ ಕಂಪನಿಯವರ ಆ ಮಿಲ್ಲುಗಳು 1996ರಲ್ಲಿ ಮುಚ್ಚಿದುವು. ಅದೇ ಕಂಪನಿಯ ಹೆಸರಿನ ಮಿಲ್ಲು ಬೆಂಗಳೂರಿನಲ್ಲೂ ಇತ್ತು. ಇಲ್ಲಿ 1918ರ ಏಪ್ರಿಲ್ 27ರಂದು ಮದ್ರಾಸ್ ಲೇಬರ್ ಯೂನಿಯನ್ ಸ್ಥಾಪನೆಯಾಯಿತು, ಬಿ. ಪಿ. ವಾಡಿಯಾ ಅವರು ಅದರ ಅಧ್ಯಕ್ಷರು. ಕಾರ್ಮಿಕರ ಮೊದಲ ದೂರುಗಳಲ್ಲಿ ಒಂದು, ಮಧ್ಯಾಹ್ನದ ಊಟಕ್ಕೆ ಬಿಡುವ ಸಮಯ ಸಾಲದೆಂಬುದು. ಹೊರಗೆ ಹೋಗಿ, ಕೈ ತೊಳೆದು, ಉಂಡು, ಗೇಟು ಮುಚ್ಚುವ ಮೊದಲು ಒಳಗಿರಬೇಕು. 1921ರಲ್ಲಿ ಅದೇ ಮಿಲ್ಲುಗಳಲ್ಲಿ ತಿಂಗಳುಗಟ್ಟಲೆ ಮುಷ್ಕರ ನಡೆಯಿತು. ಲಾಕೌಟ್ ಎಂಬ ಮಾತನ್ನು ನಾವು ಈಗ ಸುಲಭವಾಗಿ ಆಡುತ್ತೇವೆ; ಅದರ ಅರ್ಥ ಬಾಗಿಲು ಮುಚ್ಚಿ ಹೊರಗೆ ನಿಲ್ಲಿಸುವುದೆಂದೇ ಅಲ್ಲವೆ? ದುಡಿಯುವವನ ಕಣ್ಣಿಗೆ ಗೇಟು ಯಾವಾಗಲೂ ಒಡೆಯನ ಕೈಯಾಗಿ ಕಂಡಿದೆ. ಈ ಅನುಮಾನ ನಿಷ್ಕಾರಣವಾದುದಲ್ಲ. ನನ್ನ ಕಥೆಗೂ ಇದರ ಸಂಬಂಧವಿದೆ.

ಈಗಿನ ಕಾರ್ಡಿನ ಬಾಗಿಲು ಹೇಗೆ ಕೆಲಸ ಮಾಡುವುದೆಂದು ಹೇಳುತ್ತೇನೆ. ಕಾರ್ಡಿನ ಒಳಗೆ ಬ್ಯಾಟರಿಯಿಲ್ಲ. ಕೂದಲಿನಷ್ಟು ತೆಳುವಾದ ತಂತಿಯ ಸುರುಳಿ, ಒಂದು ಸಣ್ಣ ಚಿಪ್ಪು, ಇಷ್ಟೇ. ಗೋಡೆಯ ಮೇಲಿನ ರೀಡರ್ ಎಂಬ ಪೆಟ್ಟಿಗೆಯ ಸುತ್ತ ಕಾಣದ ಒಂದು ಕಾಂತಕ್ಷೇತ್ರವಿರುತ್ತದೆ. ಕಾರ್ಡು ಹತ್ತಿರ ಬಂದೊಡನೆ ಆ ಸುರುಳಿಯಲ್ಲಿ ಸ್ವಲ್ಪ ವಿದ್ಯುತ್ತು ಹುಟ್ಟಿ ಚಿಪ್ಪು ತನ್ನ ನಂಬರನ್ನು ಹೇಳುತ್ತದೆ. ನಂಬರು ಕಂಟ್ರೋಲರ್ ಎಂಬ ಇನ್ನೊಂದು ಪೆಟ್ಟಿಗೆಗೆ ಹೋಗುತ್ತದೆ. ಅದು ಮೂರು ಪ್ರಶ್ನೆ ಕೇಳಿಕೊಳ್ಳುತ್ತದೆ: ಇವನು ಯಾರು? ಈ ಬಾಗಿಲು ಇವನಿಗೆ ಉಂಟೆ? ಈ ಹೊತ್ತಿನಲ್ಲಿ ಉಂಟೆ? ಮೂರಕ್ಕೂ ಹೌದೆಂದಾದರೆ ಬೀಗ ಬಿಡುತ್ತದೆ, ದಿನ, ಗಂಟೆ, ನಿಮಿಷ ದಾಖಲಾಗುತ್ತವೆ.

ಬಾಗಿಲಿಗಿಂತ ಮುಖ್ಯವಾದುದು ವಲಯದ ವಿಂಗಡಣೆ. ಇಡೀ ಕಟ್ಟಡವನ್ನು ಮನಸ್ಸಿನಲ್ಲೇ ಗೆರೆ ಎಳೆದು ಭಾಗ ಮಾಡಬೇಕು. ನಮ್ಮ ಮನೆಗಳಲ್ಲಿ ಜಗಲಿ, ನಡುಮನೆ, ಅಡುಗೆಮನೆ, ದೇವರ ಮನೆ ಎಂದು ಹಿಂದೆ ಇದ್ದುವಲ್ಲ. ಜಗಲಿಗೆ ಬಂದವರೆಲ್ಲ ನಡುಮನೆಗೆ ಬರುತ್ತಿರಲಿಲ್ಲ. ಗಿರಣಿಯಲ್ಲೂ ಹಾಗೆಯೆ. ಅಂಗಳ ಮತ್ತು ತೂಕದ ಮನೆ ಲಾರಿಯವರಿಗೂ ಉಂಟು. ಹಿಟ್ಟು ತುಂಬುವ ವಿಭಾಗ ಅಲ್ಲಿನ ಕೆಲಸಗಾರರಿಗೆ. ರೋಲರುಗಳು, ಜರಡಿಗಳು ಇರುವ ಅಂತಸ್ತುಗಳು ಯಂತ್ರ ಬಲ್ಲವರಿಗೆ. ವಿದ್ಯುತ್ ಪ್ಯಾನೆಲ್ ಕೋಣೆ ಎಲೆಕ್ಟ್ರಿಷಿಯನ್ನಿಗೆ. ಹಣದ ಕೋಣೆ ಇಬ್ಬರಿಗೆ. ಪ್ರತಿಯೊಂದು ಗೆರೆಗೂ ಒಂದು ಕಾರಣ ಹೇಳಲು ಬರಬೇಕು. ಕಾರಣ ಹೇಳಲಾರದ ಗೆರೆ ಅಧಿಕಾರದ ಜಂಬಕ್ಕೆ ಎಳೆದ ಗೆರೆ. ಅದನ್ನು ಅಳಿಸುವುದು ಲೇಸು.

ಕಾರಣವಿರುವ ಗೆರೆಗೆ ಒಂದು ಉದಾಹರಣೆ ಕೊಡುತ್ತೇನೆ. ಗೋದಾಮಿನಲ್ಲಿ ಗೋಧಿಗೆ ಹುಳು ಹಿಡಿಯದಂತೆ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆಗಳನ್ನಿಟ್ಟು ಹೊದಿಕೆ ಹಾಕಿ ಕೆಲವು ದಿನ ಮುಚ್ಚುತ್ತಾರೆ. ಗಾಳಿಯ ತೇವ ತಾಗಿ ಅದರಿಂದ ಫಾಸ್ಫೀನ್ ಎಂಬ ವಿಷಾನಿಲ ಬರುತ್ತದೆ. ಹುಳುವನ್ನು ಕೊಲ್ಲುವುದು ಮನುಷ್ಯನನ್ನೂ ಕೊಲ್ಲುತ್ತದೆ. ವಾಸನೆ ಬಂದರೆ ಓಡೋಣ ಎಂದು ನಂಬಿ ಒಳಗೆ ಹೋಗುವ ಹಾಗಿಲ್ಲ. ಆ ದಿನಗಳಲ್ಲಿ ಗೋದಾಮಿನ ಬಾಗಿಲು ಮಾಲಿಕರ ಕಾರ್ಡಿಗೂ ತೆರೆಯದಂತೆ ಇಡಬೇಕು. ಗೋಧಿಯ ಸೈಲೋದಂಥ ಕಡೆಗೆ ಒಬ್ಬನೇ ಹೋಗಕೂಡದು, ಇಬ್ಬರ ಕಾರ್ಡು ಒಟ್ಟಿಗೆ ಬಂದರೆ ಮಾತ್ರ ಬಾಗಿಲು ಬಿಡತಕ್ಕದ್ದು ಎಂಬ ನಿಯಮವನ್ನೂ ಯಂತ್ರಕ್ಕೆ ಹೇಳಿಕೊಡಬಹುದು. ಕಾಳಿನ ರಾಶಿಯಲ್ಲಿ ಕುಸಿದವನನ್ನು ಕೂಗಿ ಹೇಳಲಾದರೂ ಇನ್ನೊಬ್ಬ ಬೇಡವೆ?

ಒಂದು ವಲಯದಲ್ಲಿ ಇಷ್ಟೇ ಜನ ಎಂಬ ಮಿತಿಯನ್ನೂ ಇಡಬಹುದು. ತಿರುಮಲೆಯ ವೈಕುಂಠಂ ಕ್ಯೂ ಕಾಂಪ್ಲೆಕ್ಸಿನಲ್ಲಿ ಕಂಪಾರ್ಟ್‌ಮೆಂಟಿನಲ್ಲಿ ಕುಳಿತು ಕಾದವರು ಇಲ್ಲಿ ಬಹಳ ಮಂದಿ ಇದ್ದೀರಿ. ಜನರನ್ನು ಕೋಣೆ ಕೋಣೆಯಾಗಿ ತುಂಬಿ, ಮುಂದಿನ ಕೋಣೆ ಖಾಲಿಯಾದ ಮೇಲೆ ಬಿಡುತ್ತಾರೆ. ಬೇಸರವಾಗುತ್ತದೆ, ನಿಜ, ಆದರೆ ನೂಕುನುಗ್ಗಲಿನಲ್ಲಿ ಪ್ರಾಣ ಹೋಗುವುದಕ್ಕಿಂತ ಬೇಸರ ಮೇಲು. ಕೊರೋನಾ ಕಾಲದಲ್ಲಿ, 2020ರಲ್ಲಿ, ಅಂಗಡಿಯ ಮುಂದೆ ಬಳಿದ ವೃತ್ತಗಳಲ್ಲಿ ನಿಂತು ನಾವೆಲ್ಲ ಈ ಲೆಕ್ಕವನ್ನು ಕಾಲಿನಿಂದಲೇ ಕಲಿತೆವು.

ಇನ್ನು ಎಣಿಕೆ. ಒಳಗೆ ಬಂದರೆ ಒಂದು ಕೂಡು, ಹೊರಗೆ ಹೋದರೆ ಒಂದು ಕಳೆ. ಮಗ್ಗಿ ಬಲ್ಲ ಮಗುವಿನ ಲೆಕ್ಕ. ಆದರೂ ತಪ್ಪುತ್ತದೆ. ಏಕೆ? ಅನೇಕ ಕಡೆ ರೀಡರ್ ಹೊರಮೈಗೆ ಮಾತ್ರ ಇರುತ್ತದೆ. ಒಳಗಿನಿಂದ ಹೊರಡಲು ಒಂದು ಗುಂಡಿ ಒತ್ತಿದರಾಯಿತು. ಅಂಥ ಬಾಗಿಲು ಬಂದವನನ್ನು ಬಲ್ಲದು, ಹೋದವನನ್ನು ಅರಿಯದು. ಲೆಕ್ಕ ಬೇಕಾದರೆ ಎರಡು ಕಡೆಯೂ ರೀಡರ್ ಬೇಕು. ಆಮೇಲೆ ಇನ್ನೊಂದು ನಿಯಮ: ಒಳಗೆ ಬಂದ ಕಾರ್ಡು ಹೊರಗೆ ಹೋಗದೆ ಮತ್ತೊಮ್ಮೆ ಒಳಗೆ ಬರಲಾರದು. ನಮ್ಮ ಮೆಟ್ರೋ ರೈಲಿನ ಗೇಟುಗಳಲ್ಲಿ ನೀವು ಇದನ್ನು ಕಂಡಿದ್ದೀರಿ. ಒಳಗೆ ಮುಟ್ಟಿಸಿದ ಕಾರ್ಡನ್ನು ಗೇಟಿನ ಮೇಲಿನಿಂದ ಗೆಳೆಯನಿಗೆ ಕೊಟ್ಟರೆ ಅವನಿಗೆ ಗೇಟು ತೆರೆಯದು. ಹೀಗೆಲ್ಲ ಮಾಡಿದರೂ ಯಂತ್ರ ಎಣಿಸುವುದು ಕಾರ್ಡುಗಳನ್ನು, ಮನುಷ್ಯರನ್ನಲ್ಲ. ಈ ವ್ಯತ್ಯಾಸವನ್ನು ನಾನು ತಿಳಿದದ್ದು ಪುಸ್ತಕದಿಂದಲ್ಲ.

ಎರಡು ವರ್ಷಗಳ ಹಿಂದೆ, ಐಪ್ಪಶಿ ತಿಂಗಳ ಮಳೆ ಹಿಡಿದ ಒಂದು ಸಂಜೆ. ತೂಕದ ಮನೆಗೆ ಕಾಗದ ಕೊಡಲು ನಾನು ಹಿಟ್ಟು ತುಂಬುವ ವಿಭಾಗದಿಂದ ಹೊರಟೆ. ನನ್ನ ಹಿಂದೆ ಒಬ್ಬ ಹುಡುಗ, ಚೀಲ ಹೊಲಿಯುವವನು, ಒಂದು ಕೈಯಲ್ಲಿ ಟೀ ಕೆಟಲು, ಇನ್ನೊಂದು ಕೈಯಲ್ಲಿ ಲೋಟಗಳ ತಂತಿಯ ಬುಟ್ಟಿ. ನಾನು ಕಾರ್ಡು ಮುಟ್ಟಿಸಿ ಬಾಗಿಲು ಹಿಡಿದೆ. ಅವನು ಹಿಂದೆಯೇ ಬಂದ. ಎರಡು ಕೈಯೂ ತುಂಬಿದವನಿಗೆ ಬಾಗಿಲು ಹಿಡಿಯದಿರುವುದು ಹೇಗೆ? ನಮ್ಮನ್ನು ಹೆತ್ತವರು ಹಾಗೆ ಬೆಳೆಸಲಿಲ್ಲ. ಆಗಲೇ ಒಂದು ಲಾರಿ ಒಳಗೆ ಬರುತ್ತಿತ್ತು. ದೊಡ್ಡ ಗೇಟು ತೆರೆದಿತ್ತು. ಹುಡುಗ ಅದರ ಪಕ್ಕದಿಂದ ನುಸುಳಿ ಎದುರಿನ ಟೀ ಅಂಗಡಿಗೆ ಹೋದ. ಇಂಥದು ದಿನಕ್ಕೆ ಇಪ್ಪತ್ತು ಸಲ ನಡೆಯುತ್ತಿತ್ತು. ನಾನು ಮರೆತೇಬಿಟ್ಟೆ.

ಹತ್ತು ನಿಮಿಷದಲ್ಲಿ ಗಂಟೆ ಬಾರಿಸಿತು. ಕಾಳನ್ನು ಮೇಲಕ್ಕೊಯ್ಯುವ ಎಲಿವೇಟರಿನ ಒಂದು ಬೇರಿಂಗು ಕಾದು ಬೆಲ್ಟು ಹೊಗೆಯಾಡತೊಡಗಿತ್ತು. ಹಿಟ್ಟಿನ ಗಿರಣಿಯಲ್ಲಿ ಹೊಗೆಯೆಂದರೆ ಸಾಮಾನ್ಯವಲ್ಲ. ಗಾಳಿಯಲ್ಲಿ ತೇಲುವ ಹಿಟ್ಟಿನ ಧೂಳು ಮದ್ದಿನ ಹಾಗೆ ಸಿಡಿಯಬಲ್ಲುದು. ಅಮೆರಿಕದ ಮಿನಿಯಾಪೊಲಿಸ್ ಊರಿನ ವಾಶ್‌ಬರ್ನ್ ಗಿರಣಿ 1878ರ ಮೇ 2ರಂದು ಹಾಗೆಯೇ ಸಿಡಿದು 18 ಮಂದಿ ಸತ್ತರು. ನಾವೆಲ್ಲ ಅಂಗಳದ ಬೇವಿನ ಮರದ ಕೆಳಗೆ ಸೇರಿದೆವು. ಪಟ್ಟಿ ಓದುವ ಕೆಲಸ ನನ್ನದು. ಪಟ್ಟಿಯಲ್ಲಿ 43 ಹೆಸರು. ಮರದ ಕೆಳಗೆ 42 ತಲೆ. ಉಳಿದ ಹೆಸರು ಆ ಹುಡುಗನದು.

ನಾನು ಅವನ ಹೆಸರನ್ನು ಮೂರು ಸಲ ಕೂಗಿದೆ. ಉತ್ತರವಿಲ್ಲ. ನಮ್ಮ ಹಿರಿಯ ಫಿಟ್ಟರು, ಐವತ್ತೈದು ವಯಸ್ಸಿನವರು, ಟವಲು ಒದ್ದೆ ಮಾಡಿ ಮುಖಕ್ಕೆ ಕಟ್ಟಿಕೊಂಡು ಒಳಗೆ ನುಗ್ಗಿದರು. ಅವರ ಹಿಂದೆ ಪಾಳಿಯ ಮೇಸ್ತ್ರಿ. ಹೋಗಬೇಡಿರಿ ಎಂದು ಹೇಳುವವರು ಯಾರು? ಪಟ್ಟಿ ಹೇಳುತ್ತಿದೆ, ಒಳಗೊಬ್ಬ ಮನುಷ್ಯನಿದ್ದಾನೆ ಎಂದು. ಅವರು ಎರಡು ಅಂತಸ್ತು ಹುಡುಕಿದರು. ಅಷ್ಟರಲ್ಲಿ ಗೇಟಿನ ಹೊರಗೆ ನಿಂತ ಜನರ ನಡುವೆ ಕೆಟಲು ಹಿಡಿದು ಕಣ್ಣು ಬಿಡುತ್ತಿದ್ದ ಹುಡುಗನನ್ನು ಯಾರೋ ಕಂಡರು. ಆಗ ನನಗೆ ನೆನಪಾಯಿತು. ಕಾಲ ಕೆಳಗಿನ ನೆಲ ಸರಿದಂತಾಯಿತು.

ದೇವರ ದಯೆ, ಬೆಂಕಿ ಹರಡಲಿಲ್ಲ. ಮೇಸ್ತ್ರಿ ತಾವೇ ನಡೆದು ಬಂದರು. ಫಿಟ್ಟರನ್ನು ಎತ್ತಿಕೊಂಡು ಬಂದರು. ಹೊಗೆ ಕುಡಿದು ಆರು ದಿನ ಆಸ್ಪತ್ರೆಯಲ್ಲಿದ್ದರು. ನಾನು ಕಿತ್ತಳೆ ಹಣ್ಣು ತೆಗೆದುಕೊಂಡು ನೋಡಲು ಹೋದೆ. ಬಾಗಿಲು ಹಿಡಿದವನು ನಾನೇ ಎಂದು ಹೇಳಿದೆ. ಬೈಯುವರೆಂದು ಕಾದೆ. ಅವರು ಬಹಳ ಹೊತ್ತು ಸುಮ್ಮನಿದ್ದು, "ತಂಬಿ, ನಿನ್ನ ಪಟ್ಟಿ ಒಬ್ಬನನ್ನು ಹೆಚ್ಚು ತೋರಿಸಿತು. ಹೋಗಲಿ, ನಾನು ಕೆಮ್ಮಿ ಬದುಕಿದೆ. ಒಬ್ಬನನ್ನು ಕಡಮೆ ತೋರಿಸಿದ್ದರೆ ಯಾರು ಹುಡುಕುತ್ತಿದ್ದರು?" ಎಂದರು.

ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಕಡಮೆ ತೋರಿಸುವುದು ಹೇಗೆ ಸಾಧ್ಯ? ಯೋಚಿಸಿದಂತೆಲ್ಲ ದಾರಿಗಳು ಕಂಡುವು. ಲಾರಿಯ ಜೊತೆ ಬರುವ ಲೋಡ್‌ಮೆನ್‌ಗಳಿಗೆ ಕಾರ್ಡೇ ಇರಲಿಲ್ಲ. ನಮ್ಮ ಪಟ್ಟಿಯ ಪ್ರಕಾರ ಅವರು ಹುಟ್ಟಿಯೇ ಇರಲಿಲ್ಲ. ಇನ್ನೊಂದು: ಮರೆತು ಹೊರಗೆ ಹೋದವರ ಲೆಕ್ಕ ಉಳಿಯದಿರಲಿ ಎಂದು ನಡುರಾತ್ರಿ ಹನ್ನೆರಡಕ್ಕೆ ಎಣಿಕೆಯನ್ನು ಸೊನ್ನೆ ಮಾಡುವ ವ್ಯವಸ್ಥೆ ಯಂತ್ರದಲ್ಲಿತ್ತು. ಹಗಲಿನ ಆಫೀಸಿಗೆ ಅದು ಸರಿ. ಮೂರು ಪಾಳಿಯ ಗಿರಣಿಯಲ್ಲಿ ನಡುರಾತ್ರಿ ಯಂತ್ರದ ಬಳಿ ನಿಂತವನು ಹನ್ನೆರಡು ಹೊಡೆದೊಡನೆ ಪಟ್ಟಿಯಿಂದ ಮಾಯವಾಗುತ್ತಿದ್ದ! ಮೂರನೆಯದು ಎಲ್ಲಕ್ಕಿಂತ ಕೆಟ್ಟದು. ಓವರ್‌ಟೈಮ್ ಲೆಕ್ಕಕ್ಕೆ ಬಾರದಿರಲೆಂದು ಕಾರ್ಡನ್ನು ಹೊರಗೆ ಮುಟ್ಟಿಸಿ ಮನುಷ್ಯನನ್ನು ಒಳಗೇ ದುಡಿಸುವ ಪದ್ಧತಿ ಕೆಲವು ಕಡೆ ಉಂಟೆಂದು ಗೆಳೆಯರಿಂದ ಕೇಳಿದ್ದೇನೆ. ಕಾಗದದ ಮೇಲೆ ಮನೆಗೆ ಹೋದವನನ್ನು ಹೊಗೆಯಲ್ಲಿ ಯಾರು ಹುಡುಕುವರು?

ಇಲ್ಲಿಗೆ ಮುಖ್ಯ ಮಾತು ಬಂತು. ಕಾರ್ಡಿನ ಲೆಕ್ಕಕ್ಕೆ ಎರಡು ಯಜಮಾನರು. ಒಬ್ಬನು ಸಂಬಳದ ಲೆಕ್ಕ; ಇನ್ನೊಬ್ಬನು ಪ್ರಾಣದ ಲೆಕ್ಕ. ಒಂದೇ ಬಾಗಿಲಿನ ಒಂದೇ ಗುರುತಿನಿಂದ ಎರಡನ್ನೂ ಬರೆಯಹೊರಟರೆ ಮೊದಲನೆಯದು ಎರಡನೆಯದನ್ನು ಕೆಡಿಸುತ್ತದೆ. ಒಳಗಿನ ಪ್ರತಿ ಬಾಗಿಲಿನ ಹೊತ್ತನ್ನು ಹಿಡಿದು, ಮೂತ್ರಕ್ಕೆ ಎಷ್ಟು ನಿಮಿಷ, ಟೀಗೆ ಎಷ್ಟು ನಿಮಿಷ ಎಂದು ಸಂಬಳ ಕತ್ತರಿಸಿದರೆ ಜನ ಏನು ಮಾಡುತ್ತಾರೆ? ಒಬ್ಬರ ಹಿಂದೆ ಒಬ್ಬರು ನುಸುಳುತ್ತಾರೆ. ಬಾಗಿಲಿಗೆ ಮರದ ಚಕ್ಕೆ ಸಿಕ್ಕಿಸುತ್ತಾರೆ. ಒಬ್ಬನ ಕಾರ್ಡನ್ನು ಇನ್ನೊಬ್ಬ ಮುಟ್ಟಿಸುತ್ತಾನೆ. ನಾನೂ ತಡವಾದ ಗೆಳೆಯರ ಕಾರ್ಡನ್ನು ಮುಟ್ಟಿಸಿದವನೇ. ಪರೋಪಕಾರವೆಂದು ತಿಳಿದಿದ್ದೆ. ಆ ಹೊತ್ತಿನಲ್ಲಿ ಗಂಟೆ ಬಾರಿಸಿದ್ದರೆ ಇನ್ನೂ ಬಸ್ಸಿನಲ್ಲಿರುವ ಒಬ್ಬನನ್ನು ಹುಡುಕಲು ಇನ್ನೊಬ್ಬ ಬೆಂಕಿಗೆ ಬೀಳುತ್ತಿದ್ದ. ಸುಳ್ಳು ಹೇಳಿದವರು ತಪ್ಪಿತಸ್ಥರು. ಸುಳ್ಳು ಹೇಳದೆ ಗತಿಯಿಲ್ಲದಂತೆ ನಿಯಮ ಮಾಡಿದವರೂ ಅಷ್ಟೇ ತಪ್ಪಿತಸ್ಥರು.

ಫಿಟ್ಟರು ಮರಳಿ ಬಂದ ಮೇಲೆ ನಾವು ಕೆಲವರು ಮ್ಯಾನೇಜರವರ ಬಳಿಗೆ ಹೋಗಿ ಇದನ್ನೆಲ್ಲ ಹೇಳಿದೆವು. ಅವರು ಕೇಳಿದರು, ಅದಕ್ಕೆ ಕೃತಜ್ಞತೆ ಸಲ್ಲಬೇಕು. ಈಗ ಹಾಜರಿಗೆ ಮುಂದಿನ ಗೇಟಿನ ಒಂದು ಗುರುತು ಮಾತ್ರ. ಒಳಬಾಗಿಲುಗಳ ಹೊತ್ತು ಸಂಬಳಕ್ಕೆ ಸೇರದು ಎಂದು ಬರೆದು ಅಂಟಿಸಿದ್ದಾರೆ. ಲೋಡ್‌ಮೆನ್‌ಗಳಿಗೂ ಡ್ರೈವರುಗಳಿಗೂ ಗೇಟಿನಲ್ಲಿ ನಂಬರಿನ ಹಿತ್ತಾಳೆ ಬಿಲ್ಲೆ ಕೊಡುತ್ತೇವೆ. ಗಣಿಯವರ ಹಳೆಯ ವಿದ್ಯೆ! ನಡುರಾತ್ರಿಯ ಸೊನ್ನೆ ಹೋಯಿತು. ಪಾಳಿ ಬದಲಾದಾಗ ಮೇಸ್ತ್ರಿ ತಲೆ ಎಣಿಸಿ ಪಟ್ಟಿಗೆ ತಾಳೆ ನೋಡುತ್ತಾರೆ. ಬೇವಿನ ಮರದ ಪಕ್ಕದ ಗೋಡೆಗೆ ಒಂದು ರೀಡರ್ ಬಂದಿದೆ. ಗಂಟೆ ಬಾರಿಸಿದಾಗ ಹೊರಬಂದವರು ಅಲ್ಲಿ ಕಾರ್ಡು ಮುಟ್ಟಿಸಿದರೆ ಹೆಸರು ಒಂದೊಂದಾಗಿ ಅಳಿಯುತ್ತದೆ. ಉಳಿದ ಹೆಸರುಗಳೇ ಹುಡುಕಬೇಕಾದವು. ಮೂರು ತಿಂಗಳಿಗೊಮ್ಮೆ ಹೇಳದೆ ಕೇಳದೆ ಗಂಟೆ ಬಾರಿಸಿ ಪರೀಕ್ಷೆ ಮಾಡುತ್ತೇವೆ. ಕೈ ತುಂಬಿದವನಿಗೆ ನಾನು ಈಗಲೂ ಬಾಗಿಲು ಹಿಡಿಯುತ್ತೇನೆ. ಆದರೆ "ಮೊದಲು ಕಾರ್ಡು ಮುಟ್ಟಿಸಪ್ಪ" ಎಂದು ಕೆಟಲನ್ನು ಇಸಿದುಕೊಳ್ಳುತ್ತೇನೆ.

ಇನ್ನು ಬಾಗಿಲಿನ ಮೂರನೆಯ ಕೆಲಸ, ಬಿಡುವುದು. ಬೀಗಗಳಲ್ಲಿ ಎರಡು ಜಾತಿ. ಕಾಂತದ ಬೀಗಕ್ಕೆ ವಿದ್ಯುತ್ತು ಇರುವವರೆಗೆ ಬಲ. ಸಾಧಾರಣವಾಗಿ 600 ಪೌಂಡು, ಎಂದರೆ ಸುಮಾರು 270 ಕಿಲೋ ಎಳೆತವನ್ನು ತಡೆಯುವಂಥದು ಸಿಕ್ಕುತ್ತದೆ. ವಿದ್ಯುತ್ತು ಹೋದೊಡನೆ ಅದು ಬಿಟ್ಟುಕೊಡುತ್ತದೆ. ಇನ್ನೊಂದು ಜಾತಿ ವಿದ್ಯುತ್ತು ಹೋದರೂ ಮುಚ್ಚಿಯೇ ಇರುತ್ತದೆ. ಹಣದ ಕೋಣೆಗೆ ಅದು ತಕ್ಕದ್ದು, ಆದರೆ ಒಳಗಿನಿಂದ ಹಿಡಿ ತಿರುಗಿಸಿದರೆ ಯಾವ ಕಾರ್ಡೂ ಇಲ್ಲದೆ ತೆರೆಯಬೇಕು. ಜನ ಓಡಾಡುವ ದಾರಿಗೆ ಮೊದಲನೆಯದೇ ಸರಿ. ಬೆಂಕಿಯ ಗಂಟೆಯ ತಂತಿಯನ್ನು ಬೀಗದ ವಿದ್ಯುತ್ತಿಗೆ ಸೇರಿಸಿ, ಗಂಟೆ ಬಾರಿಸಿದೊಡನೆ ದಾರಿಯ ಬೀಗಗಳೆಲ್ಲ ತಾವಾಗಿ ಬಿಡುವಂತೆ ಮಾಡತಕ್ಕದ್ದು. ಪಕ್ಕದಲ್ಲೇ ಗಾಜು ಒಡೆದು ಒತ್ತುವ ಪೆಟ್ಟಿಗೆಯೂ ಇರಲಿ. ಗಂಟೆ ಕೆಟ್ಟಿದ್ದರೆ ಅದು ಕೈಹಿಡಿದೀತು. ಕರೆಂಟು ಹೋದಾಗಲೆಲ್ಲ ಬಾಗಿಲು ತೆರೆದುಬಿಟ್ಟರೆ ಹೇಗೆ ಎಂದು ಕೇಳುವಿರಿ. ಅದಕ್ಕೆ ಬ್ಯಾಟರಿ ಉಂಟು. ಆದರೆ 2015ರ ಡಿಸೆಂಬರಿನ ಮಳೆಯಲ್ಲಿ ಈ ಊರಿನ ಎಷ್ಟೋ ಬೀದಿಗಳಲ್ಲಿ ದಿನಗಟ್ಟಲೆ ಕರೆಂಟಿರಲಿಲ್ಲವೆಂಬುದನ್ನು ನಾವು ಕಂಡವರು. ಯಾವ ಬ್ಯಾಟರಿಯೂ ಅಷ್ಟು ದಿನ ಬಾರದು. ಯಂತ್ರ ಸತ್ತ ಮೇಲೂ ನಡೆಯತಕ್ಕ ಒಂದು ಕಾಗದದ ಪುಸ್ತಕ, ಒಬ್ಬ ನಂಬಿಕೆಯ ವಾಚ್‌ಮನ್, ಇವರಿಬ್ಬರೂ ಇರಲೇಬೇಕು.

ಈಗ ನಮ್ಮ ವಾಚನಾಲಯದ ಮಾತು. ಕಾರ್ಡು ಕೊಡಬೇಕಾದರೆ ಹೆಸರು, ವಿಳಾಸ, ಭಾವಚಿತ್ರ ಪಡೆಯಬೇಕು; ಅದನ್ನು ಜೋಪಾನ ಮಾಡುವ ಹೊಣೆ ನಮ್ಮದಾಗುತ್ತದೆ. ವೈಯಕ್ತಿಕ ಮಾಹಿತಿಯ ರಕ್ಷಣೆಗೆ 2023ರಲ್ಲಿ ಕಾಯಿದೆಯೇ ಆಗಿದೆ. ಅದೂ ಇರಲಿ. ನಮ್ಮ ಬಾಗಿಲಿನ ಮೇಲೆ "ಉಚಿತ" ಎಂದು ಬರೆದಿದೆ. ಹೋಟೆಲಿನಲ್ಲಿ ಕೆಲಸಕ್ಕೆ ಬಂದ ಹುಡುಗ, ಮಗನ ಮನೆಯಲ್ಲಿ ಮಾತನಾಡುವವರಿಲ್ಲದೆ ಕುಳಿತ ಅಜ್ಜ, ಆಸ್ಪತ್ರೆಗೆಂದು ಊರಿನಿಂದ ಬಂದು ಬಸ್ಸಿಗೆ ಇನ್ನೂ ನಾಲ್ಕು ಗಂಟೆ ಇರುವವರು, ಇಂಥವರು ಮೆಟ್ಟಿಲು ಹತ್ತಿ ಬಂದು ಕನ್ನಡ ಅಕ್ಷರ ಕಂಡು ಉಸಿರು ಬಿಡುವ ಜಾಗ ಇದು. ಅವರು ಸದಸ್ಯರಲ್ಲ, ಅವರ ಬಳಿ ಕಾರ್ಡಿರುವುದಿಲ್ಲ. ಕಾರ್ಡಿನ ಬೀಗ ತಡೆಯುವುದು ಮೊದಲು ಅವರನ್ನೇ. ಪುಸ್ತಕ ಒಯ್ದವರು ಸದಸ್ಯರೇ ಆಗಿದ್ದರೆ, ಅವರಿಗೆ ಅದು ಸಲಾಮು ಹೊಡೆದು ತೆರೆಯುತ್ತದೆ!

ಆದುದರಿಂದ ನನ್ನ ಅಲ್ಪಮತಿಗೆ ತೋರುವುದು ಇಷ್ಟು. ಗೆರೆ ಎಳೆಯೋಣ, ಆದರೆ ತಕ್ಕ ಜಾಗದಲ್ಲಿ. ಪತ್ರಿಕೆಗಳ ಕೋಣೆ ಜಗಲಿ, ಅದು ತೆರೆದಿರಲಿ. ಹಳೆಯ ಬೈಂಡು ಮಾಡಿದ ಸಂಪುಟಗಳ ಅಲಮಾರಿಗಳಿರುವ ಒಳಕೋಣೆಗೆ ಬೀಗವಿರಲಿ; ಬೇಕೆಂದವರಿಗೆ ಸ್ವಯಂಸೇವಕರು ತೆಗೆದುಕೊಟ್ಟು ಬರೆದುಕೊಳ್ಳಲಿ. ಸಭೆಯ ದಿನ ಮೆಟ್ಟಿಲ ಬಳಿ ಒಬ್ಬರು ನಿಂತು ತಲೆ ಎಣಿಸಲಿ. ಈ ಸಭಾಂಗಣಕ್ಕೆ ಇಷ್ಟೇ ಜನ ಎಂದು ಮಿತಿ ಗೊತ್ತುಮಾಡೋಣ. ಯುಗಾದಿಯ ನಾಟಕದ ದಿನ ಕಿಟಕಿಯ ಕಟ್ಟೆಯ ಮೇಲೂ ಮಕ್ಕಳು ಕುಳಿತಿದ್ದುದನ್ನು ನಾವು ಸಂತೋಷದಿಂದ ನೋಡಿದೆವು. ಈಗ ನೆನೆದರೆ ನನಗೆ ಭಯವಾಗುತ್ತದೆ.

ಕೊನೆಯ ಮಾತು. ದಯಮಾಡಿ ಎಲ್ಲರೂ ನಿಮ್ಮ ಹಿಂದೆ ತಿರುಗಿ ನೋಡಿರಿ. ಆ ಮೂಲೆಯಲ್ಲಿ ಹಿತ್ತಿಲ ಮೆಟ್ಟಿಲಿಗೆ ಹೋಗುವ ಇನ್ನೊಂದು ಬಾಗಿಲಿದೆ. ಇದೆಯೆಂಬುದೇ ಕೆಲವರಿಗೆ ಗೊತ್ತಿಲ್ಲ. ಅದರ ಮುಂದೆ ಹಳೆಯ ಪತ್ರಿಕೆಗಳ ಕಟ್ಟುಗಳು, ಮುರಿದ ಕುರ್ಚಿಗಳು, ರಾಜ್ಯೋತ್ಸವದ ತೋರಣದ ಕಂಬಗಳು. ಅದಕ್ಕೆ ಬೀಗವಿದೆ, ಬೀಗದ ಕೈ ಕೆಳಗಿನ ಆಫೀಸಿನ ಮೊಳೆಯಲ್ಲಿ. ಅವನ್ನು ಅಲ್ಲಿ ಪೇರಿಸಿದವನು ಯಾರೂ ಅಲ್ಲ, ನಾನೇ. ಗಿರಣಿಯಲ್ಲಿ ಪಾಠ ಕಲಿತ ಮೇಲೂ ಎರಡು ವರ್ಷ ಅದನ್ನು ನೋಡಿಯೂ ನೋಡದವನೂ ನಾನೇ. ಕಾರ್ಡಿನ ಬೀಗಕ್ಕೆ ಹಣ ಕೂಡಿಸುವುದನ್ನು ಸಮಿತಿ ಆಮೇಲೆ ನಿರ್ಧರಿಸಲಿ. ಈ ಬಾಗಿಲಿಗೆ ಹಣ ಬೇಡ. ಬೀಗ ತೆಗೆದು ಒಳಗಿನಿಂದ ಒಂದು ಚಿಲಕವಿದ್ದರೆ ಸಾಕು. ವಂದನಾರ್ಪಣೆಯಾದ ಮೇಲೆ ಅರ್ಧ ಗಂಟೆ ನಿಂತು ಕೈ ಜೋಡಿಸುವವರು ಹತ್ತು ಮಂದಿ ಸಿಕ್ಕಿದರೆ ಇವತ್ತೇ ಅದು ತೆರೆಯುತ್ತದೆ. ಮೊದಲ ಕಟ್ಟನ್ನು ನಾನು ಎತ್ತುತ್ತೇನೆ.